ಉಪ್ಪುನೀರಿಗೆ ಇಳಿದ ಬೀಜ

ಕೆಲವರಿಗೆ ಹುಲಿಯ ಹೆದರಿಕೆ, ಕೆಲವರಿಗೆ ಸತ್ತವರ ಕುಲೆಯ ಹೆದರಿಕೆ. ಪಂಜ ಎಂಬ ಊರಿನ ಆಚೆ ಹೊಳೆಬದಿಯ ಗದ್ದೆಬೈಲಿನಲ್ಲಿದ್ದ ದುಗ್ಗಮ್ಮನಿಗೆ ಇದ್ದದ್ದು ಒಂದು ಸದ್ದಿನ ಹೆದರಿಕೆ. ಅಕ್ಕಿ ತೆಗೆಯುವ ತೆಂಗಿನ ಗೆರಟೆ ಪತ್ತಾಯದ ತಳದ ಹಲಗೆಗೆ ತಾಗಿ ಗರಕ್ ಎನ್ನುತ್ತದಲ್ಲ, ಆ ಸದ್ದು. ಹಲಸಿನ ಮರದ ಆ ದೊಡ್ಡ ಪೆಟ್ಟಿಗೆ ತುಂಬಿದ್ದಾಗ ಗೆರಟೆ ಇಳಿದದ್ದೇ ತಿಳಿಯುವುದಿಲ್ಲ. ಮಳೆ ಜಡಿಯುವ ಆಟಿ ತಿಂಗಳು ಬಂತೆಂದರೆ ತಿಳಿಯುತ್ತದೆ. ಹಳೆ ಅಕ್ಕಿ ತೀರಿರುತ್ತದೆ, ಹೊಸದು ಇನ್ನೂ ಗದ್ದೆಯಲ್ಲಿ ಹಸಿ ಹುಲ್ಲು. ಆಗ ಹಲಸಿನ ಬೀಜ, ಕೆಸುವಿನ ದಂಟು, ತಗತೆ ಸೊಪ್ಪು ಅಂತ ಹೊಟ್ಟೆಗೆ ಸುಳ್ಳು ಹೇಳಿಕೊಂಡು ದಿನ ದೂಡುವುದು.

ಅಂಥದೊಂದು ಆಟಿಯಲ್ಲಿ ಅವಳ ಗಂಡುಮಗು ಹೋಯಿತು. ಜ್ವರ ಎಂದರು. ಜ್ವರವೇ ಸರಿ. ಆದರೆ ಜ್ವರ ಬರುವ ಮೊದಲು ಆ ಮಗು ಗಂಜಿ ಕೇಳಿ ಕೇಳಿ ಅತ್ತದ್ದು ಅವಳ ಕಿವಿಯಲ್ಲಿತ್ತು. ಅಂದಿನಿಂದ ಗೆರಟೆಯನ್ನು ಪತ್ತಾಯಕ್ಕೆ ಇಳಿಸುವಾಗ ಅವಳು ಉಸಿರು ಬಿಗಿಹಿಡಿಯುತ್ತಿದ್ದಳು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿರಬಹುದು, ಗೊಬ್ಬರಕ್ಕೆ ಸೊಪ್ಪು ಕಡಿಯಲು ಗುಡ್ಡೆಗೆ ಹೋದ ಗಂಡ ಮೇದಪ್ಪನಿಗೆ ಹಾವು ಮುಟ್ಟಿತು. ಮನೆಗೆ ತರುವಷ್ಟರಲ್ಲಿ ಮುಗಿದಿತ್ತು. ಉಳಿದವರು ದುಗ್ಗಮ್ಮ, ಹತ್ತು ದಾಟಿದ ಮಗಳು ತಿಮ್ಮಕ್ಕ, ಇನ್ನೊಂದು ಸಣ್ಣ ಹೆಣ್ಣು, ಮತ್ತು ಮೇದಪ್ಪನ ಪಾಲಿಗೆ ಬಂದಿದ್ದ ಒಂದು ಗದ್ದೆ. ಪಕ್ಕದ ಮನೆಯಲ್ಲಿ ಮೇದಪ್ಪನ ಅಣ್ಣ ಚನಿಯಪ್ಪ ಇದ್ದ. ಕೆಟ್ಟ ಮನುಷ್ಯನಲ್ಲ. ತಮ್ಮನ ವರ್ಷಾಂತಿಕ ಮುಗಿದ ದಿನ, ನಾಲ್ಕು ಜನ ಹಿರಿಯರು ಕೂತಲ್ಲಿ, ಅವನು ತಗ್ಗಿದ ದನಿಯಲ್ಲೇ ಹೇಳಿದ.

"ಈ ಮಳೆಗಾಲದ ಏಣೆಲು ಬೆಳೆ ನೀನೇ ಮಾಡಿ ನೋಡು ದುಗ್ಗಮ್ಮ. ಆಗದಿದ್ರೆ ದೀಪಾವಳಿಗೆ ಒಲೆ ಒಂದೇ ಮಾಡುವ. ಗದ್ದೆ ನಾನು ನೋಡಿಕೊಳ್ತೇನೆ."

ಹಿರಿಯರು ತಲೆಯಾಡಿಸಿದರು. ನ್ಯಾಯದ ಮಾತು ಎಂದರು. ಆದರೆ ಒಲೆ ಒಂದಾಗುವುದು ಎಂದರೆ ಏನೆಂದು ದುಗ್ಗಮ್ಮನಿಗೆ ಗೊತ್ತಿತ್ತು. ಆ ಮನೆಯಲ್ಲಿ ಮೊದಲೇ ಒಬ್ಬಳು ವಿಧವೆ ಇದ್ದಳು, ಚನಿಯಪ್ಪನ ಸೋದರತ್ತೆ. ಚನಿಯಪ್ಪನ ಹೆಂಡತಿ ಪೂವಮ್ಮ ಬಡಿಸುವಾಗ ಆ ಮುದುಕಿಯ ಬಟ್ಟಲಿಗೆ ಮೊದಲು ಗಂಜಿಯ ಬರೀ ತೆಳಿನೀರು ಬೀಳುತ್ತಿತ್ತು; ಅನ್ನ ಎಲ್ಲರದೂ ಆದ ಮೇಲೆ, ಉಳಿದರೆ. ಆ ಬಟ್ಟಲಿನ ಪಕ್ಕದಲ್ಲಿ ಇನ್ನು ಮೂರು ಬಟ್ಟಲು ಸಾಲಾಗಿ ಇರುವುದು ದುಗ್ಗಮ್ಮನಿಗೆ ಕಣ್ಣುಮುಚ್ಚಿದರೂ ಕಾಣುತ್ತಿತ್ತು.

ಅದೇ ಬೇಸಿಗೆಯಲ್ಲಿ ಪಂಜದ ಶಾಲೆಯ ಬಯಲಿಗೆ ಸರಕಾರದ ಜೀಪು ಬಂತು. ಕತ್ತಲಾಗುವ ಹೊತ್ತಿಗೆ ಎರಡು ಅಡಿಕೆಮರದ ನಡುವೆ ಬಿಳಿ ವಸ್ತ್ರ ಕಟ್ಟಿ ಸಿನೆಮಾ ತೋರಿಸಿದರು. ರಾಜನೂ ಇಲ್ಲ, ರಾಣಿಯೂ ಇಲ್ಲ, ಬರೀ ಗದ್ದೆ. ಜಪಾನ್ ದೇಶದ ಗದ್ದೆ. ನಮ್ಮ ದೇಶದವರು ಅಲ್ಲಿಯವರಿಂದ ಕಲಿತುಕೊಂಡ ಬೇಸಾಯ, ಇದರಲ್ಲಿ ಒಂದಕ್ಕೆ ಎರಡು ಬೆಳೆಯುತ್ತದೆ ಎಂದು ಗ್ರಾಮಸೇವಕ ತೀರ್ಥರಾಮ ವಸ್ತ್ರದ ಪಕ್ಕ ನಿಂತು ವಿವರಿಸಿದ. ಕಲ್ಲುಗುಂಡಿ ಕಡೆಯ ಗೌಡರ ಹುಡುಗ, ಹೊಸದಾಗಿ ಕೆಲಸಕ್ಕೆ ಸೇರಿದವ. ಜನ ನಕ್ಕರು. ಜಪಾನಿನವರ ಕೆಸರು ನಮ್ಮ ಕೆಸರಿನ ಹಾಗೆ ಕಾಲು ಹಿಡಿಯುತ್ತದಾ ಎಂದು ಹಿಂದಿನಿಂದ ಯಾರೋ ಕೇಳಿದರು.

ದುಗ್ಗಮ್ಮ ನಗಲಿಲ್ಲ. ವಸ್ತ್ರದಲ್ಲಿ ಒಬ್ಬಳು ಹೆಂಗಸು, ತಲೆಗೆ ಮುಟ್ಟಾಳೆಯ ಹಾಗಿನ ಹುಲ್ಲಿನ ಟೊಪ್ಪಿ ಇಟ್ಟವಳು, ನೆಡುತ್ತಾ ನೆಡುತ್ತಾ ಎದ್ದು ನಿಂತು ಕೆಸರಿನ ಕೈಯ ಹಿಂಭಾಗದಿಂದ ಸೊಂಟವನ್ನು ಒತ್ತಿಕೊಂಡಳು. ಕ್ಷಣಕಾಲ ಅಷ್ಟೇ. ಮತ್ತೆ ಬಗ್ಗಿದಳು. ದುಗ್ಗಮ್ಮನ ಕೈ ತಾನಾಗಿ ತನ್ನ ಸೊಂಟಕ್ಕೆ ಹೋಯಿತು. ಸಮುದ್ರದ ಆಚೆಯ ಆ ಹೆಂಗಸಿಗೂ ಪತ್ತಾಯದ ತಳ ಕಂಡದ್ದುಂಟು, ಇಲ್ಲದಿದ್ದರೆ ಯಾರು ಹೀಗೆ ಬಗ್ಗುತ್ತಾರೆ ಎಂದುಕೊಂಡಳು. ಮರುದಿನ ತೀರ್ಥರಾಮನ ಹತ್ತಿರ ಹೋಗಿ, ತನ್ನ ಗದ್ದೆಯಲ್ಲಿ ಮಾಡುವುದಾಗಿ ಹೇಳಿದಳು. ಇಡೀ ಬೈಲಿನಲ್ಲಿ ಒಪ್ಪಿದವಳು ಅವಳೊಬ್ಬಳೇ.

ತೀರ್ಥರಾಮ ಎಲ್ಲರೂ ನೋಡಲಿ ಎಂದು ಶಾಲೆಯ ಅಂಗಳದಲ್ಲೇ ಮಾಡಿ ತೋರಿಸಿದ. ಪಾತ್ರೆಯಲ್ಲಿ ನೀರು ಹಾಕಿ, ಅದರೊಳಗೆ ಕೋಳಿಮೊಟ್ಟೆ ಇಟ್ಟು, ಮೊಟ್ಟೆ ಮೇಲೆದ್ದು ತೇಲುವವರೆಗೆ ಉಪ್ಪು ಸುರಿದ. ಮೊಟ್ಟೆ ತೆಗೆದು ಭತ್ತ ಹೊಯ್ದ. ಜೊಳ್ಳು ತೇಲಿತು, ಅದನ್ನು ಕೈಯಲ್ಲಿ ಬಾಚಿ ಎಸೆದ. ಮುಳುಗಿ ಕೂತದ್ದೇ ಒಳ್ಳೆಯ ಬೀಜ ಎಂದ. ಅಷ್ಟು ಹೇಳುವಾಗ ಗುಡುಗಿ ಮಳೆ ಹೊಡೆಯಿತು. ಜನ ಶಾಲೆಯ ಜಗಲಿಗೆ ಓಡಿದರು, ಜೀಪಿನವರು ಹೊಳೆ ಏರುತ್ತದೆಂದು ಅವಸರ ಮಾಡಿ ತೀರ್ಥರಾಮನನ್ನು ಹತ್ತಿಸಿಕೊಂಡು ಹೋದರು. ದುಗ್ಗಮ್ಮ ಕೊನೆಗೆ ಕಂಡದ್ದು ಉಪ್ಪುನೀರಿನ ಅಡಿಯಲ್ಲಿ ಚಿನ್ನದ ಹಾಗೆ ಕೂತಿದ್ದ ಭತ್ತವನ್ನು.

ಬೀಜ ಹಾಕುವ ಮೊದಲು ಬರುತ್ತೇನೆ ಎಂದಿದ್ದ ತೀರ್ಥರಾಮ ಬರಲಿಲ್ಲ. ಅವನನ್ನು ನೆಟ್ಟಣದ ಕಡೆಗೆ ಬೇರೆ ಕೆಲಸಕ್ಕೆ ಹಾಕಿದ್ದರು. ಬೇಸಿಗೆ ಮುಗಿಸುವ ಪತ್ತನಾಜೆಯ ದಿನ ಕಳೆಯಿತು. ಬೈಲಿನ ಮನೆಮನೆಯಲ್ಲಿ ಬೀಜದ ಮುಡಿಗಳು ಅಟ್ಟದಿಂದ ಇಳಿದವು. ಭತ್ತವನ್ನು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಯನ್ನು ಹಾಗೆಯೇ ಕೆರೆಗೆ ಇಳಿಸುವುದು, ಒಂದು ಹಗಲು ಒಂದು ಇರುಳು ನೀರಿನಲ್ಲಿ ಬಿಡುವುದು, ಆಮೇಲೆ ತೆಗೆದು ಸೊಪ್ಪು ಮುಚ್ಚಿ ಕಲ್ಲು ಹೇರಿ ಮೊಳಕೆಗೆ ಇಡುವುದು ಅಲ್ಲಿಯ ಪದ್ಧತಿ. ಬೀಜ ನೀರಿಗೆ ಇಳಿಸುವುದು ಮನೆಯ ಹಿರಿ ಹೆಂಗಸಿನ ಕೆಲಸ. ದುಗ್ಗಮ್ಮನ ಅತ್ತೆ ಸಾಯುವ ಮೊದಲು ಕೈಹಿಡಿದು ಕಲಿಸಿದ್ದಳು: ನೀರಿಗೆ ಇಳಿದ ಬೀಜ ಹೆರಿಗೆ ಕೋಣೆಗೆ ಹೋದ ಹೆಂಗಸಿನ ಹಾಗೆ, ನಡುವೆ ಏಳಿಸಬಾರದು. ಇಳಿಸಿದವಳು ಮೊಳಕೆ ಕಾಣುವವರೆಗೆ ಆ ವಿಷಯ ಯಾರಲ್ಲೂ ಬಾಯಿಬಿಡಬಾರದು.

ದುಗ್ಗಮ್ಮ ಬಚ್ಚಲಿನ ದೊಡ್ಡ ಹಂಡೆ ತೊಳೆದು, ನೀರು ತುಂಬಿಸಿ, ಮೊಟ್ಟೆ ತೇಲುವವರೆಗೆ ಉಪ್ಪು ಹಾಕಿದಳು. ಬೀಜದ ಭತ್ತಕ್ಕೆ ಮೊಟ್ಟೆಯ ಮೈಲಿಗೆ ತಾಗಿದ ನೀರು ಸೋಕಿಸಲು ಹಿಂಜರಿದಳು. ಸಿನೆಮಾದ ಹೆಂಗಸನ್ನು ನೆನೆದು ಧೈರ್ಯ ತಂದುಕೊಂಡಳು. ಮುಡಿ ಬಿಚ್ಚಿ ಭತ್ತ ಸುರಿದಳು. ಜೊಳ್ಳನ್ನೆಲ್ಲ ಬಾಚಿ ತೆಗೆದಳು. ಅಲ್ಲಿಗೆ ಜಪಾನಿನ ಪಾಠ ಮುಗಿಯಿತು, ಅತ್ತೆಯ ಪಾಠ ಶುರುವಾಯಿತು. ನೀರಿಗೆ ಇಳಿದ ಬೀಜವನ್ನು ನಡುವೆ ಏಳಿಸಬಾರದು. ಹಂಡೆಗೆ ಮುಚ್ಚಳ ಹಾಕಿ, ಒಂದು ಹಗಲು ಒಂದು ಇರುಳು ಹಾಗೆಯೇ ಬಿಟ್ಟಳು.

ಆಮೇಲೆ ಬಚ್ಚಲ ಮೂಲೆಯಲ್ಲಿ ಸೊಪ್ಪಿನಡಿಯಲ್ಲಿಟ್ಟ ಬೀಜಕ್ಕೆ ಕೈ ಹಾಕಿ ನೋಡುವ ಬೆಳಿಗ್ಗೆ ಬಂತು. ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿಗೆ ಕೈ ಹಾಕಿದ ಹಾಗೆ ಬಿಸಿ ಇರಬೇಕು, ಮೊಳಕೆಯ ಹುಳಿಸಿಹಿ ವಾಸನೆ ಮೂಗಿಗೆ ಹೊಡೆಯಬೇಕು. ದುಗ್ಗಮ್ಮ ಕಲ್ಲು ಸರಿಸಿ ಕೈ ತೂರಿಸಿದಳು.

ತಣ್ಣಗಿತ್ತು.

ಇನ್ನೂ ಒಳಗೆ, ಮೊಣಕೈವರೆಗೆ ತೂರಿಸಿದಳು. ತಣ್ಣಗೆ, ಸತ್ತವರ ಪಾದದ ಹಾಗೆ. ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದಳು. ಒಂದಕ್ಕೂ ಬಿಳಿ ಮೂತಿ ಇರಲಿಲ್ಲ. ಬಚ್ಚಲಿನ ನೆಲದಲ್ಲಿ ಕೂತುಬಿಟ್ಟಳು. ಮೇದಪ್ಪನ ತಂದೆಯ ಕಾಲದಿಂದ ವರ್ಷವೂ ಮನೆಯಲ್ಲೇ ಉಳಿಸಿಕೊಂಡು ಬಂದ ಕಯಮೆ ಭತ್ತ. ಅವಳ ಕೈಯಲ್ಲಿ ಸತ್ತಿತು.

ಯಾರಲ್ಲಿ ಹೇಳುವುದು? ಹೇಳಿದರೆ ದೀಪಾವಳಿವರೆಗೂ ಕಾಯಬೇಕಾಗಿಲ್ಲ, ಅಂದೇ ಒಲೆ ಒಂದಾಗುತ್ತದೆ. ಸೊಪ್ಪು ಮೊದಲಿನ ಹಾಗೆ ಮುಚ್ಚಿ, ಕಲ್ಲು ಮೊದಲಿನ ಹಾಗೆ ಹೇರಿ ಹೊರಗೆ ಬಂದಳು. ಬೈಲಿನಲ್ಲಿ ಎಲ್ಲರ ಸಸಿ ಎಬ್ಬಿಸುವ ನೇಜಿಗದ್ದೆ ಹಸಿರಾಗತೊಡಗಿತು, ಗಿಳಿಯ ಮೈಯ ಹಾಗೆ. ಅವಳದು ಮಾತ್ರ ಕಪ್ಪು ಕೆಸರು. ಪೂವಮ್ಮ ನೀರಿಗೆ ಬಂದವಳು ಕೊಡಪಾನ ಸೊಂಟದಲ್ಲಿಟ್ಟುಕೊಂಡೇ ಕೇಳಿದಳು.

"ನಿನ್ನ ಬೀಜ ಇನ್ನೂ ಎದ್ದಿಲ್ವಾ? ಮದುಮಗಳ ಹಾಗೆ ಮಲಗಿದೆಯಲ್ಲ."

"ಜಪಾನಿನ ಲೆಕ್ಕ ಅಕ್ಕ. ಸ್ವಲ್ಪ ತಡ ಉಂಟು," ಎಂದಳು ದುಗ್ಗಮ್ಮ. ಸುಳ್ಳು ಹೇಳಿದ ನಾಲಗೆ ಬಾಯಲ್ಲಿ ಮರದ ತುಂಡಿನ ಹಾಗೆ ಕೂತಿತು.

ಕೊನೆಗೆ ಬಾಯಿಬಿಡಿಸಿದವಳು ರುಖಿಯಮ್ಮ. ತಲೆಯ ಮೇಲೆ ಬುಟ್ಟಿ ಹೊತ್ತು ಊರೂರಿಗೆ ಉಪ್ಪು, ಒಣಮೀನು ಮಾರುತ್ತಿದ್ದ ಬ್ಯಾರಿ ಹೆಂಗಸು. ಜಗಲಿಯಲ್ಲಿ ಬುಟ್ಟಿ ಇಳಿಸಿ ಎಲೆಅಡಿಕೆ ಹಾಕುತ್ತಾ, ಹಿಂದಿನ ಸಲ ತೆಗೆದುಕೊಂಡ ಅಷ್ಟು ಉಪ್ಪು ಎಂತ ಮಾಡಿದಿರಿ, ಈ ವರ್ಷ ಉಪ್ಪಿನಕಾಯಿಗೆ ಮಾವಿನಮಿಡಿ ಕೂಡ ಇಲ್ಲವಲ್ಲ ಎಂದು ಸುಮ್ಮನೆ ಕೇಳಿದಳು. ದುಗ್ಗಮ್ಮನಿಗೆ ತಡೆಯಲಾಗಲಿಲ್ಲ. ಒಳಗೆ ಕರೆದುಕೊಂಡು ಹೋಗಿ ಸೊಪ್ಪು ಸರಿಸಿ ತೋರಿಸಿದಳು. ರುಖಿಯಮ್ಮ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ಉಗಿದಳು.

"ಉಪ್ಪಲ್ಲಿ ಮಲಗಿಸಿದ ಮೀನು ಮತ್ತೆ ಈಜುದುಂಟಾ ದುಗ್ಗಕ್ಕ?"

ದುಗ್ಗಮ್ಮ ಸೆರಗು ಬಾಯಿಗೆ ತುರುಕಿ ಅತ್ತಳು. ರುಖಿಯಮ್ಮ ಅಳು ಮುಗಿಯುವವರೆಗೆ ಕೂತಿದ್ದಳು. ಹಾದಿ ತೋರಿಸಿದವ ಹೊಳೆ ನಡುವೆ ಬಿಟ್ಟು ಹೋದರೆ ಆಯಿತಾ, ಅವನನ್ನು ನಾನು ಹುಡುಕಿ ಕಳಿಸುತ್ತೇನೆ ಎಂದು ಬುಟ್ಟಿ ಎತ್ತಿದಳು. ನಾಲ್ಕು ಊರು ನಡೆಯುವವಳಿಗೆ ಗ್ರಾಮಸೇವಕ ಸಿಗುವುದೇನು ಕಷ್ಟ.

ತೀರ್ಥರಾಮ ಸೈಕಲ್ಲು ದೂಡಿಕೊಂಡು ಬಂದ. ಒಂದು ಹಿಡಿ ಬೀಜವನ್ನು ಅಂಗೈಯಲ್ಲಿ ಹರಡಿ ನೋಡಿದ. ದುಗ್ಗಮ್ಮ ಬೈಯಬಹುದು ಎಂದುಕೊಂಡ. ಅವಳು ಬೈಯಲಿಲ್ಲ.

"ಕೂಡಲೇ ತೆಗೆದು ಸಿಹಿನೀರಲ್ಲಿ ತೊಳೆಯಬೇಕಿತ್ತು ಅಕ್ಕ. ಅವತ್ತು ಮಳೆ ಬಂತು. ನಾನು ಹೇಳಿ ಮುಗಿಸಲಿಲ್ಲ."

ಬೇರೆ ಬೀಜ ಎಲ್ಲಿ? ಪುತ್ತೂರಿನ ಡಿಪೋದಲ್ಲಿ ಮುಗಿದಿತ್ತು. ಬೈಲಿನವರದು ಬಿತ್ತಿ ಆಗಿತ್ತು. ಉಳಿಸಿಕೊಂಡವರೂ ಬಿತ್ತನೆಯ ತಿಂಗಳಲ್ಲಿ ಬೀಜವನ್ನು ಮನೆಯ ಹೊಸ್ತಿಲು ದಾಟಿಸುವುದಿಲ್ಲ, ಲಕ್ಷ್ಮಿ ಜೊತೆಗೆ ಹೋಗುತ್ತಾಳೆಂದು. ತೀರ್ಥರಾಮನ ಕಣ್ಣು ಒಳಗೆ ಒಲೆಯ ಮೇಲಿನ ಅಟ್ಟಕ್ಕೆ ಹೋಯಿತು. ಅಲ್ಲಿ ಹೊಗೆ ಹಿಡಿದು ಕಪ್ಪಾದ ಒಂದು ಸಣ್ಣ ಮುಡಿ ತೂಗುತ್ತಿತ್ತು. ಅವನು ನೋಡಿದ್ದನ್ನು ದುಗ್ಗಮ್ಮ ನೋಡಿದಳು.

"ಅದು ನಮ್ಮದಲ್ಲ," ಎಂದಳು.

ಅದು ಮನೆಯ ದೈವ ಪಂಜುರ್ಲಿಯ ಮುಡಿ. ಪ್ರತಿ ಕೊಯ್ಲಿನಲ್ಲಿ ಮೊದಲು ಕಟ್ಟಿ ಮೇಲೇರಿಸುವುದು, ಮುಂದಿನ ಕೊಯ್ಲಿನಲ್ಲಿ ಹೊಸದು ಬಂದ ಮೇಲೆಯೇ ಇಳಿಸುವುದು. ಮಗು ಗಂಜಿಗೆ ಅತ್ತ ಆ ಆಟಿಯಲ್ಲೂ ಅದನ್ನು ಯಾರೂ ಮುಟ್ಟಿರಲಿಲ್ಲ. ತೀರ್ಥರಾಮ ತಲೆ ತಗ್ಗಿಸಿದ. ನೆಲ ನೋಡುತ್ತಲೇ, ಜಪಾನಿನ ಕ್ರಮದಲ್ಲಿ ಮುಷ್ಟಿ ಮುಷ್ಟಿ ನೇಜಿ ನೆಡುವುದಿಲ್ಲ, ಒಂದೊಂದು ಕಡೆ ಎರಡೇ ಸಸಿ, ನಡುವೆ ಗೇಣು ಜಾಗ, ಅಂಥ ಒಂದು ಸಣ್ಣ ಮುಡಿಯಿಂದ ಇಡೀ ಗದ್ದೆ ಆಗುತ್ತದೆ ಎಂದ.

"ತೆಗಿ ಅಂತ ನಾನು ಹೇಳುದಿಲ್ಲ ಅಕ್ಕ. ನಮ್ಮ ಮನೆಯಲ್ಲೂ ಪಂಜುರ್ಲಿ ಉಂಟು," ಎಂದು ಎದ್ದುಹೋದ.

ಮರುದಿನ ಮಕ್ಕಳು ದನ ಅಟ್ಟಿಕೊಂಡು ಹೋದ ಮೇಲೆ ದುಗ್ಗಮ್ಮ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ದೈವದ ಮಂಚದ ಎದುರು ನಿಂತಳು. ದೀಪ ಹಚ್ಚಿದಳು. ದೈವಕ್ಕೆ ಮಾತು ಕೊಡುವುದು ಗಂಡಸರ ಕೆಲಸ. ಹೇಗೆ ಹೇಳಬೇಕೆಂದು ಅವಳಿಗೆ ತಿಳಿದಿರಲಿಲ್ಲ. ತಿಳಿದಷ್ಟು ಹೇಳಿದಳು.

"ಇದೂ ಸತ್ತರೆ ನನ್ನನ್ನು ಹಿಡಿ. ಮಕ್ಕಳನ್ನು ಮುಟ್ಟಬೇಡ."

ದೈವದ ಮುಡಿಯಿಂದ ಬಿಚ್ಚಿದ ಈ ಬೀಜಕ್ಕೆ ಅವಳು ಉಪ್ಪು ತೋರಿಸಲಿಲ್ಲ. ಗೆರಸೆಯಲ್ಲಿ ಕೇರಿ ಜೊಳ್ಳು ಹಾರಿಸಿ, ಕೆರೆಯ ನೀರಿನಲ್ಲಿ ನೆನೆಸಿ, ಸೊಪ್ಪಿನಡಿ ಇಟ್ಟಳು. ಕೈ ತೂರಿಸುವ ಬೆಳಿಗ್ಗೆ ಕಣ್ಣು ಮುಚ್ಚಿಕೊಂಡೇ ತೂರಿಸಿದಳು. ಬಿಸಿ ಇತ್ತು. ಕೈಯನ್ನು ಹೊರಗೆ ತೆಗೆಯಲು ಮನಸ್ಸಾಗದೆ ಹಾಗೆಯೇ ಕೂತಿದ್ದಳು.

ನೆಡುವ ದಿನ ತೀರ್ಥರಾಮ ಗಂಟು ಹಾಕಿದ ಹಗ್ಗ ತಂದ. ಹಗ್ಗವನ್ನು ಗದ್ದೆಗೆ ಅಡ್ಡ ಎಳೆದು ಹಿಡಿಯುವುದು, ಗಂಟು ಇದ್ದಲ್ಲಿ ಮಾತ್ರ ನೆಡುವುದು, ಮತ್ತೆ ಹಗ್ಗ ಹಿಂದೆ ಸರಿಸುವುದು. ಮುಯ್ಯಿಗೆ ಬಂದ ಹೆಂಗಸರಿಗೆ ಹಾಡು ಹಿಡಿಯಲಿಕ್ಕೇ ಆಗಲಿಲ್ಲ. ನಾಟಿಯ ಪಾಡ್ದನ ಎತ್ತಿದರೆ ಅರ್ಧಕ್ಕೆ ಹಗ್ಗ ಬಂದು ನಿಲ್ಲಿಸುತ್ತಿತ್ತು. ಹಾಡು ಕೇಳದ ಗದ್ದೆಯಲ್ಲಿ ಕಾಳು ಕೂರುವುದಿಲ್ಲ ಎಂದು ಒಬ್ಬಳು ಮುದುಕಿ ಗೊಣಗಿದಳು. ಮಧ್ಯಾಹ್ನದ ಹೊತ್ತಿಗೆ ಹಗ್ಗಕ್ಕೊಂದು ಸೊಲ್ಲಿನಂತೆ ಹೇಗೋ ಹೊಂದಿಸಿಕೊಂಡರು. ಸಂಜೆ ನೋಡಿದರೆ ಗದ್ದೆ ತುಂಬ ನೀರು ಮತ್ತು ಆಕಾಶ; ನಡುನಡುವೆ ಕೂದಲಿನ ಎಳೆಯಂಥ ಸಸಿ. ಚನಿಯಪ್ಪ ಗದ್ದೆಯಂಚಿನ ಕಟ್ಟಪುಣಿಯ ಮೇಲೆ ನಿಂತು ನೋಡಿದ.

"ಇದು ಗದ್ದೆಯಾ, ಬೋಳು ತಲೆಯಾ ಮಾರಾಯ್ತಿ?" ಎಂದ. ನಗಲಿಲ್ಲ. "ದೀಪಾವಳಿ ದೂರ ಇಲ್ಲ ದುಗ್ಗಮ್ಮ."

ಆಟಿ ಬಂತು. ಗೆರಟೆ ತಳಕ್ಕೆ ತಾಗಿತು. ಆ ವಾರವೇ ತಿಮ್ಮಕ್ಕನಿಗೆ ಜ್ವರ ಹತ್ತಿತು.

ಸತ್ತ ಗಂಡುಮಗುವಿಗೆ ಬಂದ ಹಾಗೆಯೇ ಬಂದ ಜ್ವರ. ಮೊದಲು ಚಳಿ, ಆಮೇಲೆ ಬಡಬಡಿಕೆ. ದುಗ್ಗಮ್ಮ ಕಷಾಯ ಕಾಯಿಸಿದಳು, ಹಣೆಗೆ ಪಟ್ಟಿ ಹಾಕಿದಳು. ಒಲೆಯ ಹತ್ತಿರ ಹೋದಾಗಲೆಲ್ಲ ಮೇಲೆ ದೈವದ ಮುಡಿ ಇದ್ದ ಹಗ್ಗ ಖಾಲಿ ತೂಗುವುದು ಕಾಣುತ್ತಿತ್ತು. ನನ್ನನ್ನು ಹಿಡಿ ಅಂದಿದ್ದೆನಲ್ಲ, ನನ್ನನ್ನು ಅಂದಿದ್ದೆನಲ್ಲ ಎಂದು ಒಳಗೊಳಗೇ ಹೇಳುತ್ತಿದ್ದಳು. ದೈವಕ್ಕೆ ಷರತ್ತು ಹಾಕಲು ತಾನು ಯಾರು ಎಂದೂ ಅನಿಸುತ್ತಿತ್ತು. ಗದ್ದೆಯ ಕಡೆ ಹೋಗುವುದನ್ನೇ ಬಿಟ್ಟಳು. ಅದು ಬೆಳೆದರೂ ಹೆದರಿಕೆ, ಬೆಳೆಯದಿದ್ದರೂ ಹೆದರಿಕೆ.

ತಮ್ಮನ ಮಗಳಿಗೆ ಜ್ವರ ಜೋರು ಎಂದು ಕೇಳಿ ಚನಿಯಪ್ಪ ಬಂದ. ಹುಡುಗಿಯ ಹಣೆ ಮುಟ್ಟಿದ. ಬೀಡಿಗೆ ಬೆಂಕಿ ತರಲು ಒಲೆಯ ಹತ್ತಿರ ಹೋದವ ಅಲ್ಲೇ ನಿಂತ. ಅವನು ತಲೆ ಮೇಲೆತ್ತಿದ್ದನ್ನು ದುಗ್ಗಮ್ಮ ಬೆನ್ನ ಹಿಂದಿನಿಂದ ಕಂಡಳು.

"ತೆಗೆದೆಯಾ?"

"ತೆಗೆದೆ ಭಾವ."

"ಮತ್ತೆ ನಿನ್ನ ಬೀಜ?"

"ಸತ್ತಿತು."

ಚನಿಯಪ್ಪ ಮೆಟ್ಟಿಲಿಳಿದು ಹೋದ. ಹಿರಿಯರನ್ನು ಕರೆಯಲು ಹೋದ ಎಂದೇ ಅವಳು ತಿಳಿದಳು. ಮಗಳ ಕಾಲ ಬಳಿ ಕೂತು, ಅಂಗಳದಲ್ಲಿ ಜನರ ಹೆಜ್ಜೆ ಕೇಳುವುದನ್ನೇ ಕಾದಳು. ಬಂದದ್ದು ಅವನೊಬ್ಬನ ಹೆಜ್ಜೆ. ಮೊಣಕಾಲುವರೆಗೆ ಕೆಸರು. ಬಲಗೈಯನ್ನು ಏನನ್ನೋ ಹಿಡಿದವನ ಹಾಗೆ ಮುಂದೆ ಚಾಚಿದ್ದ, ಆದರೆ ಕೈಯಲ್ಲಿ ಏನೂ ಇರಲಿಲ್ಲ.

"ಒಂದು ಬುಡ ಹಿಡಿದರೆ ನನ್ನ ಮುಷ್ಟಿ ತುಂಬ್ತದೆ," ಎಂದ. "ಎರಡು ಸಸಿಯದ್ದು. ನೀನು ನೋಡಿದ್ದೀಯಾ?"

ಅವಳು ನೋಡಿರಲಿಲ್ಲ.

"ಮುನಿದ ದೈವ ಹೀಗೆ ಕೊಡುದಿಲ್ಲ," ಎಂದ ಚನಿಯಪ್ಪ. ಅಷ್ಟು ಹೇಳುವಾಗ ಅವನ ದನಿಯಲ್ಲೂ ಹೆದರಿಕೆ ಇತ್ತು. ದೈವದ ಪರವಾಗಿ ಮಾತಾಡಿದೆನೇನೋ ಎಂಬಂತೆ ಬಾಯಿ ಮುಚ್ಚಿಕೊಂಡ. ಸಂಜೆ ಪೂವಮ್ಮ ಒಂದು ಪಾತ್ರೆ ಗಂಜಿ ತಂದು ಹೊಸ್ತಿಲ ಒಳಗೆ ಇಟ್ಟುಹೋದಳು. ತೆಳಿ ಅಲ್ಲ, ಅನ್ನ ತೇಲುವ ಗಂಜಿ.

ತಿಮ್ಮಕ್ಕನ ಜ್ವರ ಒಂದೇ ಸಲಕ್ಕೆ ಬಿಡಲಿಲ್ಲ. ಬಿಟ್ಟು ಹಿಡಿದು, ಬಿಟ್ಟು ಹಿಡಿದು, ಆಟಿ ಮುಗಿಯುವಾಗ ಹುಡುಗಿ ಗೋಡೆ ಹಿಡಿದು ನಡೆಯತೊಡಗಿದಳು. ಕೊಯ್ಲಿನಲ್ಲಿ ಆ ಗದ್ದೆಯ ಭತ್ತ ಅಂಗಳದಲ್ಲಿ ಹಿಡಿಸಲಿಲ್ಲ. ಚನಿಯಪ್ಪನ ಅಂಗಳದಲ್ಲೂ ಹರವಬೇಕಾಯಿತು. ಮೊದಲ ಮುಡಿಯನ್ನು ಚನಿಯಪ್ಪನೇ ಕಟ್ಟಿದ, ಹಿಂದಿನದಕ್ಕಿಂತ ದೊಡ್ಡದು. ಅಟ್ಟಕ್ಕೆ ಏರಿಸುವಾಗ ಕೈಮುಗಿದು, ಹೆಂಗಸರು ತಿಳಿಯದೆ ಮಾಡಿದ್ದು ಎಂದು ತಗ್ಗಿದ ದನಿಯಲ್ಲಿ ಹೇಳಿದ. ತಿಳಿದೇ ಮಾಡಿದ್ದು ಎಂದು ದುಗ್ಗಮ್ಮನಿಗೂ ಗೊತ್ತು, ದೈವಕ್ಕೂ ಗೊತ್ತು. ಅವಳೂ ಕೈಮುಗಿದಳು. ದೀಪಾವಳಿಗೆ ಎರಡು ಮನೆಯಲ್ಲೂ ಬೇರೆ ಬೇರೆ ಒಲೆ ಉರಿಯಿತು. ಮುಂದಿನ ಬೇಸಿಗೆಯಲ್ಲಿ ಚನಿಯಪ್ಪ ಬಂದು, ಆ ಗಂಟಿನ ಹಗ್ಗ ಒಮ್ಮೆ ಕೊಡು ಎಂದು ಬೇರೆಲ್ಲೋ ನೋಡುತ್ತಾ ಕೇಳಿದ.

ಆಮೇಲೆ ಬೈಲಿನ ಹೆಂಗಸರೆಲ್ಲ ಉಪ್ಪುನೀರಿನ ಕೆಲಸಕ್ಕೆ ಅವಳನ್ನೇ ಕರೆಯುತ್ತಿದ್ದರು. ದುಗ್ಗಮ್ಮ ಹೋಗುತ್ತಿದ್ದಳು, ಆದರೆ ಅರ್ಧದಲ್ಲಿ ಏಳುತ್ತಿರಲಿಲ್ಲ. ತೊಳೆದ ನೀರನ್ನು ಪ್ರತಿ ಸಲ ನಾಲಗೆಗೆ ಹಚ್ಚಿ ನೋಡುವಳು. ಉಪ್ಪು ಹೋಗುವವರೆಗೆ ಮಳೆ ಬರಲಿ, ಸಿಡಿಲು ಬರಲಿ, ಆ ಮನೆಯ ಬಚ್ಚಲು ಬಿಟ್ಟು ಕದಲುತ್ತಿರಲಿಲ್ಲ. ಬೀಜದ ವಿಷಯ ಬಾಯಿಬಿಡಬಾರದೆಂಬ ಅತ್ತೆಯ ಕಟ್ಟಳೆಯನ್ನು ಅವಳು ಆ ವರ್ಷವೇ ಬಿಟ್ಟಿದ್ದಳು.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ಇನ್ನೊಂದು ಬೀಜ ಬಂತು. ತೈವಾನಿನದು ಒಂದು, ಫಿಲಿಪೈನ್ಸಿನದು ಒಂದು. ಗಿಡ್ಡ ಗಿಡ, ತೆನೆ ಮಾತ್ರ ಭಾರ ಎಂದು ಹೇಳಿಕೆ. ಜನ ಈಗ ನಗುತ್ತಿರಲಿಲ್ಲ, ಚೀಲಕ್ಕೆ ಸಾಲು ನಿಲ್ಲುತ್ತಿದ್ದರು. ಕಿವಿಯ ಪಕ್ಕ ನರೆತ ತೀರ್ಥರಾಮ ಮೊದಲ ಚೀಲವನ್ನು ದುಗ್ಗಮ್ಮನ ಜಗಲಿಗೇ ತಂದಿಳಿಸಿದ. ಗೊಬ್ಬರ ಹೇಗೆ, ಮದ್ದು ಹೇಗೆ ಎಂದು ಹೇಳತೊಡಗಿದ. ಅಷ್ಟರಲ್ಲಿ ಹೊರಗೆ ಹನಿ ಬಿತ್ತು. ಸೈಕಲ್ಲು ಒದ್ದೆಯಾಗುತ್ತದೆಂದು ಅವನು ಎದ್ದ.

ದುಗ್ಗಮ್ಮ ಅವನ ಅಂಗಿಯ ತುದಿ ಹಿಡಿದಳು.

"ಕೂತುಕೋ ಮಾರಾಯ. ಕೊನೆವರೆಗೆ ಹೇಳಿ ಹೋಗು."

ತೀರ್ಥರಾಮ ಕೂತ. ಮಳೆ ಜೋರಾಯಿತು. ಅವನು ಕೊನೆಯವರೆಗೆ ಹೇಳಿದ. ಅವಳು ಮತ್ತೊಮ್ಮೆ ಮೊದಲಿನಿಂದ ಹೇಳಿಸಿದಳು. ಆಮೇಲೆ ಒಳಗೆ ಹೋಗಿ ಅವನ ಊಟಕ್ಕೆಂದು ಪತ್ತಾಯಕ್ಕೆ ಗೆರಟೆ ಇಳಿಸಿದಳು. ಪತ್ತಾಯದಲ್ಲಿ ಅಕ್ಕಿ ಎದೆಮಟ್ಟ ಇತ್ತು, ಸದ್ದು ಬರಲಿಲ್ಲ. ಆದರೂ ಇಳಿಸುವಾಗ ಅವಳು ಉಸಿರು ಬಿಗಿಹಿಡಿದಿದ್ದಳು.